ಬಾಣಂತಿಯ ಊಟ ಬಾಣಂತಿಗೇ ಸಿಗಲಿ: ಅಂಗನವಾಡಿ, ಮಾತೃವಂದನಾ ಮತ್ತು ಎದೆಹಾಲು

ಎದೆಹಾಲಿನ ಮಾತು ಬಂದರೆ ಎಲ್ಲರೂ ಮಗುವಿನ ಕಡೆ ನೋಡುತ್ತಾರೆ. ತಾಯಿ ಬೆಳಿಗ್ಗೆಯಿಂದ ಏನು ಉಂಡಿದ್ದಾಳೆ ಅಂತ ಕೇಳುವವರು ಕಡಿಮೆ. ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ, ಆಸ್ಪತ್ರೆ ಗೋಡೆಗೆ ಬ್ಯಾನರ್ ಕಟ್ಟುತ್ತಾರೆ, ಎದೆಹಾಲು ಅಮೃತ ಅಂತ ಭಾಷಣ ಆಗುತ್ತದೆ. ಅದೆಲ್ಲ ನಿಜವೇ. ಆದರೆ ಜಗಳೂರು ಕಡೆ ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುವವಳಿಗೆ, ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದಿನವಿಡೀ ಹೊಗೆಯ ನಡುವೆ ನಿಲ್ಲುವವಳಿಗೆ, ಚಳ್ಳಕೆರೆಯಲ್ಲಿ ಶೇಂಗಾ ಬಿಡಿಸುವ ಕೂಲಿಗೆ ಹೋಗುವವಳಿಗೆ ಭಾಷಣ ಸಾಲದು. ಹೊಟ್ಟೆಗೆ ಊಟ ಬೇಕು, ಮಗು ಹಿಡಿದು ಕೂರಲು ಹೊತ್ತು ಬೇಕು, ಕೈಯಲ್ಲಿ ನಾಲ್ಕು ಕಾಸು ಬೇಕು.

ಸರ್ಕಾರದ ಪೌಷ್ಟಿಕ ಯೋಜನೆಗಳು ಇರುವುದು ಇದಕ್ಕೇ. ಹೆಸರು ಎಲ್ಲರೂ ಕೇಳಿರುತ್ತೀರಿ. ಆದರೆ ಯಾವಾಗ ಹೋಗಬೇಕು, ಏನು ಹಿಡಿದುಕೊಂಡು ಹೋಗಬೇಕು, ಎಲ್ಲಿ ಕೈ ತಪ್ಪಿ ಹೋಗುತ್ತದೆ ಅನ್ನುವುದು ಬಹಳ ಮನೆಗಳಲ್ಲಿ ಗೊತ್ತಿಲ್ಲ. ಇದನ್ನು ಬಾಣಂತಿಯೇ ಓದಬೇಕು ಅಂತಿಲ್ಲ. ಗಂಡ ಓದಲಿ, ತಮ್ಮ ಓದಲಿ, ಪಕ್ಕದ ಮನೆಯವರು ಓದಿ ಮಾಡಿಸಿಕೊಟ್ಟರೂ ಆಯಿತು.

ಯೋಜನೆಗೂ ಎದೆಹಾಲಿಗೂ ಏನು ಸಂಬಂಧ

ಮೊದಲ ಆರು ತಿಂಗಳು ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ನೀರೂ ಬೇಡ. ಆ ಹಾಲು ತಯಾರಾಗಲು ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಜಾಸ್ತಿ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಅಂದರೆ ಹೆಚ್ಚುಕಮ್ಮಿ ಇನ್ನೊಂದು ಹೊತ್ತಿನ ಊಟ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೂ ಇದೇ ಅಂಕಿ ಇದೆ. ಬಸುರಿಗೆ, ಹೆರಿಗೆಯಾಗಿ ಆರು ತಿಂಗಳಾಗುವ ತನಕ ಬಾಣಂತಿಗೆ, 600 ಕ್ಯಾಲೊರಿ ಮತ್ತು 18ರಿಂದ 20 ಗ್ರಾಂ ಪ್ರೋಟೀನ್ ಇರುವ ಆಹಾರವನ್ನು ಅಂಗನವಾಡಿಯಿಂದ ಪುಕ್ಕಟೆ ಕೊಡಬೇಕು ಅಂತ. ಇದು ಯಾರೋ ದಯೆ ತೋರಿ ಕೊಡುವ ಊಟ ಅಲ್ಲ. ಕಾನೂನಿನಲ್ಲಿ ಬರೆದಿಟ್ಟ ಹಕ್ಕು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬೇಡ. ಸೊರಗಿದ ತಾಯಿಗೂ ಹಾಲು ಬರುತ್ತದೆ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ ಅಂತ ಹಾಲು ಬತ್ತಿ ಹೋಗುವುದಿಲ್ಲ. ಮೈಯಲ್ಲಿದ್ದ ಕೊಬ್ಬು ಕರಗಿಸಿ, ಮೂಳೆಯಲ್ಲಿದ್ದ ಕ್ಯಾಲ್ಸಿಯಂ ತೆಗೆದು ಅವಳ ದೇಹ ಮಗುವಿಗೆ ಹಾಲು ಮಾಡಿಕೊಡುತ್ತದೆ. ಸೋತು ಹೋಗುವುದು ತಾಯಿ. ಸೊಂಟ ನೋವು, ಕಣ್ಣು ಕತ್ತಲೆ, ಮೆಟ್ಟಿಲು ಹತ್ತಿದರೆ ಏದುಸಿರು. ಎ ಮತ್ತು ಬಿ12ನಂಥ ಕೆಲವು ವಿಟಮಿನ್ ಮಾತ್ರ ತಾಯಿಯ ಊಟದಲ್ಲಿ ಇಲ್ಲದಿದ್ದರೆ ಹಾಲಿನಲ್ಲೂ ಕಮ್ಮಿಯಾಗುತ್ತವೆ. ಹಾಗಾಗಿ "ನನ್ನ ಮೈಯಲ್ಲಿ ಶಕ್ತಿ ಇಲ್ಲ, ನನ್ನ ಹಾಲು ಮಗುವಿಗೆ ಸಾಲಲ್ಲ" ಅಂತ ಹಾಲು ಬಿಡಿಸುವುದು ಪರಿಹಾರ ಅಲ್ಲ. ಹಾಲು ಮುಂದುವರಿಸಿ ತಾಯಿಗೆ ಉಣ್ಣಿಸುವುದೇ ಪರಿಹಾರ.

ಬೇರೆ ಕಡೆ ಬೇರೆ ಥರ ಮಾಡಿದ್ದಾರೆ. ಅಮೆರಿಕದಲ್ಲಿ ಬಡ ತಾಯಂದಿರಿಗಾಗಿ ಡಬ್ಲ್ಯುಐಸಿ ಅನ್ನುವ ಯೋಜನೆ 1970ರ ದಶಕದಿಂದ ನಡೆಯುತ್ತಿದೆ. ಎದೆಹಾಲು ಕುಡಿಯದ ಮಕ್ಕಳಿಗೆ ಅಲ್ಲಿ ಡಬ್ಬಿ ಹಾಲಿನ ಪುಡಿಯನ್ನೇ ಪುಕ್ಕಟೆ ಕೊಡುತ್ತಾರೆ. ಆ ದೇಶದಲ್ಲಿ ಖರ್ಚಾಗುವ ಪುಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಈ ಯೋಜನೆಯ ಮಕ್ಕಳಿಗೇ. ಪುಡಿ ಕೈಗೆ ಸುಲಭವಾಗಿ ಸಿಕ್ಕರೆ ಎದೆಹಾಲು ಬಿಡುವವರು ಜಾಸ್ತಿಯಾಗುತ್ತಾರೆ ಅಂತ ವರ್ಷಗಟ್ಟಲೆ ಟೀಕೆ ಬಂತು. 2009ರಲ್ಲಿ ಯೋಜನೆಯ ಆಹಾರದ ಪಟ್ಟಿಯನ್ನು ಬದಲಾಯಿಸಿದರು, ಪೂರ್ತಿ ಎದೆಹಾಲು ಕೊಡುವ ತಾಯಿಯ ಪಾಲು ಹೆಚ್ಚಾಯಿತು. ಅಂಥ ತಾಯಿಗೆ ಅಲ್ಲಿ ಒಂದು ವರ್ಷದವರೆಗೆ ಆಹಾರ ಸಿಗುತ್ತದೆ, ಎದೆಹಾಲು ಕೊಡದವರಿಗೆ ಆರು ತಿಂಗಳು ಮಾತ್ರ. ನಮ್ಮ ಅಂಗನವಾಡಿಯಲ್ಲಿ ಪುಡಿ ಡಬ್ಬಿ ಕೊಡುವ ಪ್ರಶ್ನೆಯೇ ಇಲ್ಲ, ತಾಯಿಗೇ ಉಣ್ಣಿಸುತ್ತಾರೆ. ಇದೇ ಸರಿಯಾದ ದಾರಿ ಅಂತ ನಾನು ನಂಬುತ್ತೇನೆ. ಆದರೆ ಅದು ಫಲ ಕೊಡಬೇಕಾದರೆ ಆ ಊಟ ಅವಳ ಹೊಟ್ಟೆಗೇ ಹೋಗಬೇಕು.

ತಿಂಗಳು ನಿಂತ ಕೂಡಲೇ ಎರಡು ಕಡೆ ಹೆಸರು ಬರೆಸಿ

ಒಂದು, ಹತ್ತಿರದ ಆರೋಗ್ಯ ಕೇಂದ್ರದಲ್ಲಿ. ಅಲ್ಲಿ ತಾಯಿ ಕಾರ್ಡ್ ಕೊಡುತ್ತಾರೆ. ಇನ್ನೊಂದು, ನಿಮ್ಮ ಓಣಿಯ ಅಂಗನವಾಡಿಯಲ್ಲಿ. ಆಸ್ಪತ್ರೆಯಲ್ಲಿ ಬರೆಸಿದರೆ ಅಂಗನವಾಡಿಗೂ ತಾನಾಗಿ ಹೋಗುತ್ತದೆ ಅಂತ ಸುಮ್ನೆ ಕೂರಬೇಡಿ. ಎರಡೂ ಬೇರೆ ಬೇರೆ ಇಲಾಖೆ. ಆಶಾ ಅಕ್ಕನಿಗೆ ಒಂದು ಮಾತು ಹೇಳಿದರೆ ಎರಡೂ ಕಡೆ ಕರೆದುಕೊಂಡು ಹೋಗುತ್ತಾರೆ.

ಕೈಯಲ್ಲಿ ಆಧಾರ್ ಕಾರ್ಡ್, ರೇಷನ್ ಕಾರ್ಡ್, ತಾಯಿಯ ಹೆಸರಿನಲ್ಲೇ ಇರುವ ಬ್ಯಾಂಕ್ ಪಾಸ್‌ಬುಕ್ ಮತ್ತು ಒಂದು ಮೊಬೈಲ್ ಇರಲಿ. ಆ ಮೊಬೈಲ್ ನಂಬರ್ ಮನೆಯಲ್ಲಿ ಸದಾ ಚಾಲ್ತಿಯಲ್ಲಿರಬೇಕು, ಓಟಿಪಿ ಅದಕ್ಕೇ ಬರುತ್ತದೆ. ಅಂಗನವಾಡಿ ಟೀಚರ್ ಪೋಷಣ್ ಟ್ರ್ಯಾಕರ್ ಅನ್ನುವ ಆ್ಯಪ್‌ನಲ್ಲಿ ಹೆಸರು ಹಾಕುತ್ತಾರೆ. ಅದರಲ್ಲಿ ಹೆಸರು ಇಲ್ಲದಿದ್ದರೆ ಟೀಚರ್‌ಗೆ ಮನಸ್ಸಿದ್ದರೂ ಲೆಕ್ಕಕ್ಕೆ ಸಿಗುವುದಿಲ್ಲ.

ಆಧಾರ್‌ನಲ್ಲಿ ಅಪ್ಪನ ಹೆಸರು, ರೇಷನ್ ಕಾರ್ಡ್‌ನಲ್ಲಿ ಗಂಡನ ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇನಿಷಿಯಲ್. ಇದು ಹೊಸದಾಗಿ ಮದುವೆಯಾದವರ ಮನೆಮನೆಯ ತಾಪತ್ರಯ. ಐದನೇ ತಿಂಗಳೊಳಗೆ ಸರಿ ಮಾಡಿಸಿಬಿಡಿ. ಆಮೇಲೆ ಅವಳು ಕ್ಯೂನಲ್ಲಿ ನಿಲ್ಲುವ ಸ್ಥಿತಿಯಲ್ಲಿ ಇರುವುದಿಲ್ಲ. ಖಾತೆಗೆ ಆಧಾರ್ ಲಿಂಕ್ ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. ಗೃಹಲಕ್ಷ್ಮಿ ದುಡ್ಡಿನ ಹೊತ್ತಿನಲ್ಲಿ ಅತ್ತೆಯವರ ಖಾತೆಗೆ ಇದೆಲ್ಲ ಮಾಡಿಸಿರುತ್ತೀರಿ, ಸೊಸೆಯ ಖಾತೆಗೂ ಅದೇ ಕೆಲಸ.

ಮಾತೃಪೂರ್ಣ ಊಟ

ಕರ್ನಾಟಕದಲ್ಲಿ ಮಾತೃಪೂರ್ಣ ಯೋಜನೆ ಶುರುವಾದದ್ದು 2017ರ ಅಕ್ಟೋಬರ್ 2ರಂದು. ತಿಂಗಳಿಗೆ 25 ದಿನ ಮಧ್ಯಾಹ್ನದ ಬಿಸಿಯೂಟ. ಅನ್ನ, ಸಾಂಬಾರು, ಪಲ್ಯ, ಬೇಯಿಸಿದ ಮೊಟ್ಟೆ, 200 ಮಿಲಿ ಹಾಲು, ಶೇಂಗಾ ಚಿಕ್ಕಿ ಅಂತ ಯೋಜನೆಯಲ್ಲಿ ಇಟ್ಟಿದ್ದರು. ಅಲ್ಲೇ ಕೂತು ಉಣ್ಣಬೇಕು ಅನ್ನುವುದು ಅದರ ಹಿಂದಿದ್ದ ಯೋಚನೆ. ಯಾಕೆ ಅಂತ ನಮಗೆಲ್ಲ ಗೊತ್ತು. ಮನೆಗೆ ತಂದರೆ ಅದು ಹಂಚಿ ಹೋಗುತ್ತದೆ.

ನಮ್ಮ ಓಣಿಯಲ್ಲೇ ನೋಡಿದ್ದೇನೆ. ಒಬ್ಬ ಬಾಣಂತಿ ಅಂಗನವಾಡಿಯಿಂದ ಬಂದ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟು, ಹೊಲಿಗೆ ದಾರದ ಎರಡು ತುದಿ ಹಿಡಿದು ನೀಟಾಗಿ ಕೊಯ್ದಳು. ಅರ್ಧ ದೊಡ್ಡ ಮಗನಿಗೆ. ಉಳಿದ ಅರ್ಧದಲ್ಲಿ ಮತ್ತೆ ಅರ್ಧ ನಾದಿನಿಯ ಮಗಳಿಗೆ, ಯಾಕೆಂದರೆ ಆ ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಚಿಕ್ಕಿಯನ್ನು ಮೊದಲೇ ಸೆರಗಿನಲ್ಲಿ ಕಟ್ಟಿ ತಂದಿದ್ದಳು, ಅದೂ ಮಕ್ಕಳಿಗೇ. ಇವಳ ಪಾಲಿಗೆ ಬಂದದ್ದು ಮೊಟ್ಟೆಯ ಕಾಲು ಭಾಗ ಮತ್ತು ಅನ್ನ. ಯಾರೂ ಅವಳಿಂದ ಕಿತ್ತುಕೊಂಡಿಲ್ಲ. ಯಾವ ತಾಯಿಯೂ ಹಸಿದ ಮಗುವಿನ ಎದುರು ಒಬ್ಬಳೇ ಕೂತು ಮೊಟ್ಟೆ ತಿನ್ನುವುದಿಲ್ಲ. ಹಾಗಾಗಿ ಈ ಮಾತನ್ನು ಅವಳಿಗೆ ಹೇಳಿ ಪ್ರಯೋಜನ ಇಲ್ಲ, ಮನೆಯ ಉಳಿದವರಿಗೆ ಹೇಳಬೇಕು. ಮೂರು ವರ್ಷ ದಾಟಿದ ಮಕ್ಕಳಿಗೆ ಅಂಗನವಾಡಿಯಲ್ಲೇ ಅವರ ಪಾಲಿನ ಊಟ ಇದೆ. ಅವರನ್ನು ಅಲ್ಲಿಗೆ ಕಳಿಸಿ. ಸಾಧ್ಯವಿದ್ದರೆ ತಾಯಿಯೂ ಅಲ್ಲೇ ಉಂಡು ಬರಲಿ. ಆ ಒಂದು ಗಂಟೆ ಮನೆಗೆಲಸದಿಂದಲೂ ಬಿಡುವು ಸಿಕ್ಕಂತೆ.

ಹೆರಿಗೆಯಾದ ಮೇಲೆ ಬಾಣಂತಿ ಹೊರಗೆ ಬರುವುದಿಲ್ಲ ಅನ್ನುವುದು ನಿಜ. ಆಗ ಮನೆಯವರೇ ಡಬ್ಬಿ ಹಿಡಿದು ಅಂಗನವಾಡಿಗೆ ಹೋಗಿ ಕೇಳಿ. ಕೆಲವು ಕಡೆ ದವಸ ಧಾನ್ಯ, ಮೊಟ್ಟೆ, ಹಾಲಿನ ಪುಡಿಯನ್ನು ಮನೆಗೇ ಕೊಡುತ್ತಾರೆ. ಅಲ್ಲಿ ಕೊಡುವ ಹಾಲಿನ ಪುಡಿ ತಾಯಿ ಕುಡಿಯಲಿಕ್ಕೆ, ಹಸುಗೂಸಿಗೆ ಕಲಸಿ ಕುಡಿಸಲಿಕ್ಕಲ್ಲ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಚಿತ್ರದುರ್ಗ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕ ಅಂತ ಬಾಣಂತಿಯನ್ನು ಹಟ್ಟಿಯ ಹೊರಗೆ ಇರಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಅದು ಹೋಗಲೇಬೇಕು. ಅದು ಹೋಗುವ ತನಕ ಕಾಯುತ್ತಾ ಅವಳ ಊಟ ತಪ್ಪಬಾರದು. ಅವಳು ಎಲ್ಲಿದ್ದಾಳೋ ಅಲ್ಲಿಗೇ ಡಬ್ಬಿ ಹೋಗಲಿ, ಆಶಾ ಕಾರ್ಯಕರ್ತೆಯೂ ಅಲ್ಲಿಗೇ ಹೋಗಿ ಮಗುವಿನ ತೂಕ ನೋಡಲಿ.

ಕಬ್ಬಿಣಾಂಶದ ಮಾತ್ರೆ ಹೆರಿಗೆಯ ನಂತರವೂ 180 ದಿನ ಇದೆ. ಕ್ಯಾಲ್ಸಿಯಂ ಮಾತ್ರೆಯೂ ಇದೆ. ಎರಡನ್ನೂ ಒಟ್ಟಿಗೆ ನುಂಗಬಾರದು, ಚಹಾ ಜೊತೆಗಂತೂ ಬೇಡವೇ ಬೇಡ.

ತವರಿಗೆ ಹೋಗುವ ಮುಂಚೆ ಇದೊಂದು ಕೆಲಸ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲಿ. ಏಳನೇ ತಿಂಗಳಲ್ಲಿ ಸೀಮಂತ ಮಾಡಿ ಕರೆದುಕೊಂಡು ಹೋಗುತ್ತಾರೆ, ಮಗುವಿಗೆ ಮೂರೋ ಐದೋ ತಿಂಗಳಾದ ಮೇಲೆ ವಾಪಸ್ಸು. ಹೆಸರು ಇರುವುದು ಗಂಡನ ಊರಿನ ಅಂಗನವಾಡಿಯಲ್ಲಿ, ಅವಳು ಇರುವುದು ಹೊಸದುರ್ಗದ ಹತ್ತಿರದ ತವರಲ್ಲಿ. ಲೆಕ್ಕ ಹಾಕಿ ನೋಡಿ. ಬಸುರಿಯ ಕೊನೆಯ ಮೂರು ತಿಂಗಳು, ಹಾಲೂಡಿಸುವ ಮೊದಲ ಮೂರು ತಿಂಗಳು, ಅಂದರೆ ಊಟ ತೀರಾ ಬೇಕಾದ ಕಾಲದಲ್ಲೇ ಯೋಜನೆ ಕೈಬಿಡುತ್ತದೆ. ಗಂಡನ ಊರಲ್ಲಿ "ಅವರು ಊರಲ್ಲಿ ಇಲ್ಲ" ಅಂತ ಬರೆಯುತ್ತಾರೆ. ತವರಲ್ಲಿ "ನಿಮ್ಮ ಹೆಸರು ನಮ್ಮಲ್ಲಿ ಇಲ್ಲ" ಅನ್ನುತ್ತಾರೆ.

ಇದಕ್ಕೆ ದಾರಿ ಇದೆ. ಪೋಷಣ್ ಟ್ರ್ಯಾಕರ್‌ನಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಹೆಸರು ವರ್ಗ ಮಾಡಲು ಬರುತ್ತದೆ. ಸೀಮಂತದ ದಿನ ಗೊತ್ತು ಮಾಡಿದ ವಾರವೇ ಅಂಗನವಾಡಿಗೆ ಹೋಗಿ, "ಟೀಚರ್, ಹೆರಿಗೆಗೆ ತವರಿಗೆ ಹೋಗ್ತಿದೀನಿ, ನನ್ನ ಹೆಸರು ಆ ಊರಿಗೆ ವರ್ಗ ಮಾಡಿ ಕೊಡ್ರಿ" ಅಂತ ಕೇಳಿ. ತವರಿನ ಟೀಚರ್ ಫೋನ್ ನಂಬರನ್ನು ಇವರ ಕೈಗೆ ಕೊಡಿ, ಇಬ್ಬರೂ ಮಾತಾಡಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ. ಅಣ್ಣನೋ ತಮ್ಮನೋ ಅಲ್ಲಿ ಮೊದಲೇ ಹೋಗಿ ಹೇಳಿಟ್ಟಿರಲಿ. ತಾಯಿ ಕಾರ್ಡ್ ಅಂತೂ ಬ್ಯಾಗಿನಲ್ಲಿ ಮೊದಲು ಇಡಿ, ಸೀರೆ ಆಮೇಲೆ. ವಾಪಸ್ಸು ಬರುವಾಗ ಇದೇ ಕೆಲಸ ಇನ್ನೊಂದು ಸಲ.

ಮಾತೃವಂದನಾ ದುಡ್ಡು ಎಲ್ಲಿ ನಿಲ್ಲುತ್ತದೆ

ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. 3,000 ಹೆಸರು ಬರೆಸಿ ಒಂದು ತಪಾಸಣೆ ಆದ ಮೇಲೆ, 2,000 ಮಗು ಹುಟ್ಟಿ, ಜನನ ನೋಂದಣಿಯಾಗಿ, ಮೂರೂವರೆ ತಿಂಗಳ ಲಸಿಕೆಯ ಸುತ್ತು ಮುಗಿದ ಮೇಲೆ. ಎರಡನೆಯದು ಹೆಣ್ಣುಮಗುವಾದರೆ 6,000, ಒಂದೇ ಕಂತು. ತಾಯಿಯ ವಯಸ್ಸಿಗೂ ಮಿತಿ ಇದೆ, ಅಂಗನವಾಡಿಯಲ್ಲಿ ಕೇಳಿ. ಬಿಪಿಎಲ್ ಕಾರ್ಡ್, ನರೇಗಾ ಜಾಬ್ ಕಾರ್ಡ್, ಇ-ಶ್ರಮ್ ಕಾರ್ಡ್, ಇಂಥವುಗಳಲ್ಲಿ ಒಂದಿದ್ದರೂ ಅರ್ಜಿ ಹಾಕಬಹುದು. ಬಹಳ ಜನರದ್ದು ನಿಲ್ಲುವುದು ಲಸಿಕೆಯ ಹತ್ತಿರ. ತವರಲ್ಲಿ ಹಾಕಿಸಿದ ಲಸಿಕೆ ತಾಯಿ ಕಾರ್ಡ್‌ನಲ್ಲಿ ಬರೆದೇ ಇರುವುದಿಲ್ಲ. ಚುಚ್ಚಿದ ದಿನವೇ ತಾರೀಕು ಬರೆಸಿಕೊಂಡು ಬನ್ನಿ.

ಜನನಿ ಸುರಕ್ಷಾ ಯೋಜನೆಯಲ್ಲಿ ಬಿಪಿಎಲ್, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆಸ್ಪತ್ರೆ ಹೆರಿಗೆಗೆ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600 ರೂಪಾಯಿ ಇದೆ. ಕಟ್ಟಡ ಕೆಲಸದವರ ಲೇಬರ್ ಕಾರ್ಡ್ ಇದ್ದರೆ ಕಾರ್ಮಿಕ ಮಂಡಳಿಯಿಂದ ಹೆರಿಗೆ ಸಹಾಯಧನ ಬೇರೆ ಸಿಗುತ್ತದೆ, ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿ.

ಇಷ್ಟು ದುಡ್ಡು ಸಾಕಾ? ಸಾಲದು. ಕೂಲಿ ಬಿಟ್ಟು ಆರು ತಿಂಗಳು ಮನೆಯಲ್ಲಿ ಕೂರಲು 5,000 ಯಾವ ಲೆಕ್ಕಕ್ಕೂ ಬರುವುದಿಲ್ಲ. ಆಹಾರ ಭದ್ರತಾ ಕಾಯ್ದೆಯೇ ಕನಿಷ್ಠ 6,000 ಅಂತ 2013ರಲ್ಲಿ ಹೇಳಿತ್ತು. ಪಕ್ಕದ ತಮಿಳುನಾಡಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರಿನ ಯೋಜನೆಯಲ್ಲಿ ನಗದು, ಪೌಷ್ಟಿಕ ಕಿಟ್ ಎಲ್ಲ ಸೇರಿ 18,000 ರೂಪಾಯಿ. ನಮ್ಮಲ್ಲೂ ಜಾಸ್ತಿಯಾಗಬೇಕು, ಕೇಳುತ್ತಲೇ ಇರಬೇಕು. ಆದರೆ ಈಗ ಇರುವುದನ್ನು ಬಿಡಬೇಡಿ. 3,000 ಬಂದ ದಿನ ಅದನ್ನು ಹಳೇ ಸಾಲಕ್ಕೆ ಹಾಕಬೇಡಿ, ಅದರಲ್ಲಿ ಬೇಳೆ, ಮೊಟ್ಟೆ, ಬೆಲ್ಲ ತಂದಿಡಿ ಅಂತ ಗಂಡಂದಿರಿಗೆ ನನ್ನ ವಿನಂತಿ.

ಆಸ್ಪತ್ರೆಯಲ್ಲಿ ಮೊದಲ ಗಂಟೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದೇಶದಲ್ಲಿ ಶೇ. 88.6 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ. 41.8 ಮಕ್ಕಳಿಗೆ ಮಾತ್ರ. ಡಾಕ್ಟರು, ಸಿಸ್ಟರ್ ಎಲ್ಲ ಇದ್ದ ಜಾಗದಲ್ಲೇ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಮೊದಲ ಗಂಟೆ ಹಾಲು ತಪ್ಪಿದೆ. ಸಿಜೇರಿಯನ್ ಆದವರಿಗೆ ತಪ್ಪುವುದು ಇನ್ನೂ ಜಾಸ್ತಿ.

ಹೆರಿಗೆ ವಾರ್ಡಿಗೆ ಜೊತೆಗೆ ಹೋಗುವ ಹೆಂಗಸು ಮೊದಲೇ ಸಿಸ್ಟರ್‌ಗೆ ಹೇಳಿಟ್ಟಿರಲಿ: "ಸಿಸ್ಟರ್, ಮಗು ಹುಟ್ಟಿದ ಕೂಡಲೇ ಎದೆಗೆ ಹಾಕಿಬಿಡ್ರಿ." ಸಿಜೇರಿಯನ್ ಆದರೂ ತಾಯಿ ಮಲಗಿದ್ದಂತೆಯೇ ಪಕ್ಕದಲ್ಲಿ ಹಿಡಿದು ಕುಡಿಸಬಹುದು. ಮೊದಲು ಬರುವ ಹಳದಿ, ಗಟ್ಟಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಅದು ಬರುವುದೇ ಚಮಚದಷ್ಟು, ಹುಟ್ಟಿದ ಮಗುವಿನ ಹೊಟ್ಟೆಗೆ ಅಷ್ಟು ಸಾಕು, ರೋಗ ತಡೆಯುವ ಶಕ್ತಿ ಅದರಲ್ಲೇ ಇರುವುದು. ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ, ಓಣಿಗೆ ಮಾರಲು ಬರುವ ಕತ್ತೆ ಹಾಲು, ಯಾವುದೂ ಬೇಡ. ಅದರಲ್ಲೂ ಜೇನುತುಪ್ಪ ಒಂದು ವರ್ಷದವರೆಗೆ ಬೇಡವೇ ಬೇಡ, ಹಸುಗೂಸಿನ ಕರುಳಿನಲ್ಲಿ ಅದರಿಂದ ವಿಷ ಹುಟ್ಟುವ ಅಪಾಯ ಇದೆ. ಅಜ್ಜಿಗೆ ಬೇಜಾರಾಗುತ್ತದೆ ಅಲ್ವಾ? ಹೆಸರಿಡುವ ದಿನ ಮೊದಲು ಮಗು ಎತ್ತಿಕೊಳ್ಳುವುದು ಅವರೇ ಅಂತ ಹೇಳಿ.

ದಾವಣಗೆರೆಯ ಚಿಗಟೇರಿ ಆಸ್ಪತ್ರೆಯೇ ಆಗಲಿ, ತಾಲ್ಲೂಕು ಆಸ್ಪತ್ರೆಯೇ ಆಗಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ರಕ್ತ ಎಲ್ಲ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಜೇರಿಯನ್‌ಗೆ 7 ದಿನದವರೆಗೆ ತಾಯಿಗೆ ಊಟವೂ ಉಚಿತ. ಮನೆಗೆ ಬಿಡಲು ನಗು-ಮಗು ಗಾಡಿ ಇದೆ. ಊಟ ಬರದಿದ್ದರೆ ವಾರ್ಡಿನಲ್ಲೇ ಕೇಳಿ, ಸಂಕೋಚ ಬೇಡ.

"ಹಾಲು ಸಾಲಲ್ಲ" ಅಂದಾಗ

ಮನೆಗೆ ಬಂದ ಹತ್ತನೇ ದಿನಕ್ಕೆ ಯಾರಾದರೂ ಒಬ್ಬರು ಈ ಮಾತು ಆಡಿಯೇ ಆಡುತ್ತಾರೆ. ಮಗು ಅತ್ತರೆ ಹಾಲು ಸಾಲದು ಅಂತಲೇ ಅರ್ಥ ಮಾಡುತ್ತಾರೆ. ಬಟ್ಟೆ ಒದ್ದೆಯಾದರೂ ಅಳುತ್ತದೆ, ಸೆಕೆಗೂ ಅಳುತ್ತದೆ. ಸಾಕಾಗುತ್ತಿದೆಯಾ ಅಂತ ತಿಳಿಯಲು ಎರಡೇ ಲೆಕ್ಕ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೋಗಬೇಕು. ತೂಕ ತಿಂಗಳಿಗೆ ಅರ್ಧ ಕೆಜಿಯಾದರೂ ಏರಬೇಕು. ಆಶಾ ಕಾರ್ಯಕರ್ತೆ ಹೆರಿಗೆಯಾದ 3, 7, 14, 21, 28, 42ನೇ ದಿನ ಮನೆಗೆ ಬರಬೇಕು, ತಕ್ಕಡಿ ಅವರ ಚೀಲದಲ್ಲೇ ಇರುತ್ತದೆ. ಬಂದಾಗ ಸುಮ್ನೆ ಸಹಿ ಹಾಕಿ ಕಳಿಸಬೇಡಿ. ಅವರ ಎದುರಿಗೇ ಹಾಲು ಕುಡಿಸಿ ತೋರಿಸಿ. ಮಗು ಬಾಯಿ ಅಗಲ ತೆರೆದಿದೆಯಾ, ಗದ್ದ ಎದೆಗೆ ತಾಗಿದೆಯಾ, ಕೆಳತುಟಿ ಹೊರಕ್ಕೆ ಮಡಚಿದೆಯಾ ನೋಡಲಿ. ತೊಟ್ಟು ಮಾತ್ರ ಚೀಪಿದರೆ ತಾಯಿಗೆ ಸೀಳುಗಾಯ, ಮಗುವಿಗೆ ಅರೆಹೊಟ್ಟೆ. ಮುಕ್ಕಾಲು ಪಾಲು "ಹಾಲು ಸಾಲಲ್ಲ" ಈ ಹಿಡಿತದ ತಪ್ಪಿಂದಲೇ ಅನ್ನುವುದು ನಾನು ಕಂಡ ಮಾತು.

ಒರತೆ ಬಾವಿ ಸೇದಿದಷ್ಟೂ ಊರುತ್ತದೆ, ಎದೆಹಾಲೂ ಹಾಗೇ. ಕುಡಿಸಿದಷ್ಟೂ ಬರುತ್ತದೆ. ರಾತ್ರಿ ಕುಡಿಸುವುದನ್ನು ತಪ್ಪಿಸಬೇಡಿ, ಹಾಲು ಹೆಚ್ಚಿಸುವ ಹಾರ್ಮೋನು ರಾತ್ರಿ ಹೊತ್ತು ಜಾಸ್ತಿ. ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ಮಗುವಿಗೆ ನೀರು ಕುಡಿಸಬೇಕು ಅನಿಸುತ್ತದೆ. ಬೇಡ. ಎದೆಹಾಲಿನಲ್ಲಿ ಶೇ. 88ರಷ್ಟು ನೀರೇ ಇದೆ. ನೀರು ತಾಯಿಗೆ ಕೊಡಿ. ಬಾಣಂತಿ ನೀರು ಕುಡಿಯಬಾರದು, ಸೊಪ್ಪು ತಿನ್ನಬಾರದು ಅನ್ನುವ ಪಥ್ಯ ಬಿಡಿ. ಅಂಟಿನುಂಡೆ, ಕೊಬ್ಬರಿ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಹಾಕಿದ ಸಾರು, ಈ ಪದ್ಧತಿಗಳನ್ನು ಉಳಿಸಿಕೊಳ್ಳಿ. ಬರೀ ಮೆಣಸಿನ ಸಾರು ಅನ್ನದಲ್ಲಿ ತಿಂಗಳು ಕಳೆಸಬೇಡಿ.

ಇನ್ನು ಡಬ್ಬಿ ಪುಡಿ. ಮೂರು ತಿಂಗಳ ಮಗುವಿಗೆ ಪೂರ್ತಿ ಪುಡಿಯಲ್ಲೇ ಬೆಳೆಸಿದರೆ 400 ಗ್ರಾಂ ಡಬ್ಬಿ ಸುಮಾರು ನಾಲ್ಕು ದಿನಕ್ಕೆ ಖಾಲಿ. ತಿಂಗಳಿಗೆ ಏಳೆಂಟು ಡಬ್ಬಿ. ಗೃಹಲಕ್ಷ್ಮಿಯ 2,000 ಪೂರ್ತಿ ಹಾಕಿದರೂ ಸಾಲದು. ಆಗ ಏನಾಗುತ್ತದೆ? ನಾಲ್ಕು ಚಮಚ ಹಾಕುವಲ್ಲಿ ಎರಡು ಹಾಕಿ ನೀರು ಜಾಸ್ತಿ ಮಾಡುತ್ತಾರೆ. ಮಗು ಸೊರಗುವುದು, ಭೇದಿ ಹತ್ತುವುದು ಅಲ್ಲಿಂದಲೇ. 1992ರಲ್ಲೇ ಇದಕ್ಕೊಂದು ಕಾನೂನು ಬಂದಿದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿಗೆ, ಬಾಟಲಿಗೆ ಜಾಹೀರಾತು ಮಾಡುವಂತಿಲ್ಲ, ತಾಯಂದಿರಿಗೆ ಸ್ಯಾಂಪಲ್ ಹಂಚುವಂತಿಲ್ಲ, ಆಸ್ಪತ್ರೆಯವರಿಗೆ ಉಡುಗೊರೆ ಕೊಡುವಂತಿಲ್ಲ. ಯಾರಾದರೂ ಡಿಸ್ಚಾರ್ಜ್ ಚೀಟಿಯಲ್ಲಿ ಕಾರಣ ಹೇಳದೆ ಪುಡಿ ಬರೆದರೆ "ಯಾಕೆ ಡಾಕ್ಟ್ರೇ?" ಅಂತ ಕೇಳುವ ಹಕ್ಕು ನಿಮಗಿದೆ. ಕೆಲವು ಕಾಯಿಲೆಯಲ್ಲಿ ನಿಜವಾಗಿ ಬೇಕಾಗುತ್ತದೆ. ಆಗ ಡಾಕ್ಟರು ಹೇಳಿದ ಅಳತೆಯಲ್ಲೇ ಕೊಡಿ, ತಾಯಿಯನ್ನು ಹಂಗಿಸಬೇಡಿ.

ಕೂಲಿಗೆ ಹೋಗಲೇಬೇಕಾದಾಗ

ಇದು ಎಲ್ಲಕ್ಕಿಂತ ಕಷ್ಟದ ಜಾಗ. ಗಾರ್ಮೆಂಟ್ಸ್‌ನಂಥ ಕಾರ್ಖಾನೆಯಲ್ಲಿ ಹಾಜರಿ ಇರುವವರಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವಿದೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೋಣೆ ಇರಬೇಕು. ಹೊಲದ ಕೂಲಿಗೆ, ಮನೆಗೆಲಸಕ್ಕೆ, ಭಟ್ಟಿಗೆ ಹೋಗುವವರಿಗೆ ಇದ್ಯಾವುದೂ ಇಲ್ಲ. ಭಟ್ಟಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ರವಿಕೆ ಒದ್ದೆಯಾಗಿ, ಸೆರಗು ಎಳೆದು ಮುಚ್ಚಿಕೊಂಡು, ಎದೆ ಕಲ್ಲಿನಂತೆ ಬಿಗಿದು ನೋಯುತ್ತಿದ್ದರೂ ಮಂಡಕ್ಕಿ ಜರಡಿ ಹಿಡಿಯುವವರಿದ್ದಾರೆ. ಅಲ್ಲಿ ಹಾಲು ಇಲ್ಲದೆ ಅಲ್ಲ, ಕುಡಿಸಲು ಬಿಡುವಿಲ್ಲದೆ ಬತ್ತುತ್ತದೆ.

ಆದಷ್ಟು ಮೂರು ತಿಂಗಳಾದರೂ ಮುಂದಕ್ಕೆ ಹಾಕಿ. ಹೋಗಲೇಬೇಕು ಅಂದರೆ ಹೊರಡುವ ಮುಂಚೆ ಒಂದು ಸಲ, ಬಂದ ಕೂಡಲೇ ಒಂದು ಸಲ, ರಾತ್ರಿ ಕೇಳಿದಾಗಲೆಲ್ಲ ಕುಡಿಸಿ. ಬೆಳಿಗ್ಗೆ ಕೈ ತೊಳೆದು, ಕುದಿಸಿ ಆರಿಸಿದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿಡಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಸ್ವಲ್ಪ ಹಿಂದೆ ಹಿಡಿದು ಮೊದಲು ಒಳಕ್ಕೆ ಒತ್ತಿ ಆಮೇಲೆ ಹಿಂಡಬೇಕು, ತೊಟ್ಟು ಎಳೆಯಬಾರದು. ಮುಚ್ಚಿ ತಂಪು ಜಾಗದಲ್ಲಿ ಇಟ್ಟರೆ ನಾಲ್ಕು ತಾಸು ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಎರಡು ಮೂರು ತಾಸಿನೊಳಗೆ ಮುಗಿಸಿ. ಅಜ್ಜಿ ಒಳಲೆಯಲ್ಲಿ ಕುಡಿಸಲಿ. ಒಳಲೆ ತೊಳೆಯುವುದು ಸುಲಭ. ಬಾಟಲಿಯ ನಿಪ್ಪಲ್‌ನಲ್ಲಿ ಕೊಳೆ ಕೂರುತ್ತದೆ, ಅದಕ್ಕೆ ರೂಢಿಯಾದ ಮಗು ಎದೆ ಬಿಡುವುದೂ ಉಂಟು. ಮಧ್ಯಾಹ್ನ ಮಗುವನ್ನು ಕೆಲಸದ ಜಾಗಕ್ಕೆ ಯಾರಾದರೂ ತರುವಂತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನರೇಗಾ ಕೂಲಿಯವರ ಮಕ್ಕಳಿಗೆ ಅಂತ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಶುರುವಾಗಿವೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ, ಎಷ್ಟು ತಿಂಗಳ ಮಗುವನ್ನು ಸೇರಿಸಿಕೊಳ್ಳುತ್ತಾರೆ ಅಂತ ಪಿಡಿಒ ಹತ್ತಿರ ಕೇಳಿ.

ಕೊಡಲಿಲ್ಲ ಅಂದರೆ

ಮೊದಲು ಟೀಚರ್ ಜೊತೆ ಸಮಾಧಾನವಾಗಿ ಮಾತಾಡಿ. ಎಷ್ಟೋ ಸಲ ಮೊಟ್ಟೆಯ ಬಿಲ್ ಬಂದಿರುವುದಿಲ್ಲ, ಅವರೇ ಕೈಯಿಂದ ಹಾಕಿ ತಂದಿರುತ್ತಾರೆ. ಅಲ್ಲಿ ಆಗದಿದ್ದರೆ ಅಂಗನವಾಡಿಯ ಬಾಲವಿಕಾಸ ಸಮಿತಿ, ಆಮೇಲೆ ಮೇಲ್ವಿಚಾರಕಿ, ಆಮೇಲೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ. ಬಾಯಲ್ಲಿ ಹೇಳಿ ಬಂದರೆ ಸಾಲದು. ತಾರೀಕು ಹಾಕಿ ಅರ್ಧ ಪುಟ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ ಇರುವಾಗ ತಾಲ್ಲೂಕಿಗೆ ಹೋಗಿಬರುವ ಖರ್ಚಿಲ್ಲ, ನಾಲ್ಕು ಜನ ಬಾಣಂತಿಯರ ಮನೆಯವರು ಒಟ್ಟಿಗೆ ಹೋದರೆ ತೂಕವೇ ಬೇರೆ. ಅದಕ್ಕೂ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಆರೋಗ್ಯದ ಪ್ರಶ್ನೆಗೆ 104ಕ್ಕೆ ಫೋನ್ ಮಾಡಿ.

ಆರು ತಿಂಗಳಾದ ಮೇಲೆ

ಇಲ್ಲಿಗೆ ಬಾಣಂತಿಯ ಊಟ ನಿಲ್ಲುತ್ತದೆ. ಅಂಗನವಾಡಿಯಿಂದ ಇನ್ನು ಬರುವುದು ಮಗುವಿನ ಪಾಲು, ಪುಷ್ಟಿ ಪುಡಿ. ರಾಗಿ ಸರಿ, ಮೆತ್ತಗೆ ಕಿವುಚಿದ ಬೇಳೆ ಅನ್ನ, ತುಪ್ಪ, ಹಣ್ಣು ಶುರು ಮಾಡಿ. ನೀರಾಗಿ ಮಾಡಬೇಡಿ, ಚಮಚ ಓರೆ ಮಾಡಿದರೆ ಜಾರಿ ಬೀಳಬಾರದು, ಅಷ್ಟು ಗಟ್ಟಿ ಇರಲಿ. ಎದೆಹಾಲು ಎರಡು ವರ್ಷದವರೆಗೂ ನಡೆಯಲಿ. ಮಗುವಿನ ತೂಕ ತೀರಾ ಕಮ್ಮಿ ಇದ್ದರೆ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸೇರಿಸಿ, ತಾಯಿಯೂ ಜೊತೆಗೇ ಇರಬಹುದು.

ಯೋಜನೆ ಆರು ತಿಂಗಳಿಗೆ ನಿಂತರೂ ತಾಯಿಯ ಹಸಿವು ನಿಲ್ಲುವುದಿಲ್ಲ. ಎರಡನೇ ಆರು ತಿಂಗಳಲ್ಲೂ ದಿನಕ್ಕೆ 520 ಕ್ಯಾಲೊರಿ ಜಾಸ್ತಿ ಬೇಕು ಅನ್ನುತ್ತದೆ ಅದೇ ಮಂಡಳಿ. ಈ ಕೊರತೆಯನ್ನು ಮನೆಯೇ ತುಂಬಬೇಕು. ಅದಕ್ಕೆ ಪೇಟೆಯ ಪುಡಿ, ಟಾನಿಕ್ ಬೇಕಿಲ್ಲ. ನಮ್ಮ ಹತ್ತಿರ ಶೇಂಗಾ ಇದೆ, ರಾಗಿ ಇದೆ. ಸಂಜೆ ಒಂದು ಹಿಡಿ ಹುರಿದ ಶೇಂಗಾ ಬೆಲ್ಲದ ಚೂರಿನ ಜೊತೆ, ಊಟಕ್ಕೆ ಇನ್ನೊಂದು ರೊಟ್ಟಿ ಅಥವಾ ಅರ್ಧ ಮುದ್ದೆ, ಸೌಟು ತುಂಬ ಬೇಳೆ. ಅವಳೂ ಎಲ್ಲರ ಜೊತೆ ಕೂತು ಉಣ್ಣಲಿ, ತಳದಲ್ಲಿ ಉಳಿದಿದ್ದನ್ನು ಕೊನೆಗೆ ಬಳಿದುಕೊಳ್ಳುವುದು ಬೇಡ.